ಕೊರೊನಾ ವರ್ಷದಲ್ಲಿ ನಿರುದ್ಯೋಗ ಇಳಿದದ್ದು ಹೇಗೆ?

ಎರಡು ಅಂಕಿಗಳಿಂದ ಶುರು ಮಾಡೋಣ. ಎರಡೂ ಕೇಂದ್ರ ಸರ್ಕಾರದ ಒಂದೇ ಸರ್ವೆಯಿಂದ ಬಂದವು. 2020ರ ಏಪ್ರಿಲ್‌ನಿಂದ ಜೂನ್‌ವರೆಗೆ ನಮ್ಮ ದೇಶದ ನಗರಗಳಲ್ಲಿ ನಿರುದ್ಯೋಗ ಸುಮಾರು ಶೇ 21 ಇತ್ತು. ಇದು ಮೊದಲನೆಯದು. 2019ರ ಜುಲೈನಿಂದ 2020ರ ಜೂನ್‌ವರೆಗಿನ ಇಡೀ ವರ್ಷದಲ್ಲಿ ದೇಶದ ನಿರುದ್ಯೋಗ ಶೇ 4.8. ಇದು ಎರಡನೆಯದು. ಹಿಂದಿನ ವರ್ಷ ಈ ಎರಡನೇ ಅಂಕಿ ಶೇ 5.8 ಇತ್ತು. ಮುಂದಿನ ವರ್ಷ ಶೇ 4.2ಕ್ಕೆ ಇಳಿಯಿತು.

ಅಂದರೆ ಹೋಟೆಲ್, ಗಾರ್ಮೆಂಟ್ಸ್, ಬಸ್ಸು, ಕಟ್ಟಡದ ಕೆಲಸ ಎಲ್ಲವೂ ನಿಂತಿದ್ದ ಕಾಲದಲ್ಲಿ, ಜನ ಗಂಟುಮೂಟೆ ಹೊತ್ತು ಹೆದ್ದಾರಿಯಲ್ಲಿ ಊರಿಗೆ ನಡೆದ ಕಾಲದಲ್ಲಿ, ಲೆಕ್ಕದ ಪ್ರಕಾರ ಕೆಲಸ ಇಲ್ಲದವರ ಪ್ರಮಾಣ ಕಡಿಮೆಯಾಯಿತು! ಓದಿದ ತಕ್ಷಣ ಯಾರಿಗಾದರೂ ಬರುವ ಅನುಮಾನ ಒಂದೇ. ಯಾರೋ ಸುಮ್ನೆ ಅಂಕಿ ತಿದ್ದಿದ್ದಾರೆ ಅಂತ.

ಹಾಗೇನೂ ಇಲ್ಲ. ಎರಡು ಅಂಕಿಗಳೂ ಸರಿಯೇ. ಅವು ಬೇರೆ ಬೇರೆ ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳು, ಅಷ್ಟೇ. ಸಾಂಕ್ರಾಮಿಕ ರೋಗವೊಂದು ಜನರ ದುಡಿಮೆ, ಬದುಕಿಗೆ ಏನು ಮಾಡಿತು ಎಂದು ಸಂಶೋಧಕರು ಹೇಗೆ ಕಂಡುಹಿಡಿಯುತ್ತಾರೆ ಎಂಬುದನ್ನು ತಿಳಿಯಲು ಈ ಒಗಟಿಗಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಈ ಸರ್ವೆಯ ಹೆಸರು ಪಿಎಲ್‌ಎಫ್‌ಎಸ್. ರಾಷ್ಟ್ರೀಯ ಸಾಂಖ್ಯಿಕ ಕಚೇರಿ ನಡೆಸುವ ಕಾರ್ಮಿಕ ಸಮೀಕ್ಷೆ. ಅದರಲ್ಲಿ ಕೆಲಸವನ್ನು ಎರಡು ಬಗೆಯಲ್ಲಿ ಅಳೆಯುತ್ತಾರೆ. ಒಂದು, "ಕಳೆದ ಏಳು ದಿನಗಳಲ್ಲಿ ಒಂದು ಗಂಟೆಯಾದರೂ ಕೆಲಸ ಮಾಡಿದ್ದೀರಾ?" ಇನ್ನೊಂದು, "ಕಳೆದ 365 ದಿನಗಳಲ್ಲಿ ಜಾಸ್ತಿ ಕಾಲ ಏನು ಮಾಡುತ್ತಿದ್ದಿರಿ?" ಈ ಎರಡನೆಯದರಲ್ಲಿ ಇನ್ನೊಂದು ಸಡಿಲಿಕೆಯೂ ಇದೆ. ವರ್ಷದಲ್ಲಿ 30 ದಿನದಷ್ಟು ಏನಾದರೂ ದುಡಿದಿದ್ದರೂ ಸಾಕು, ನಿಮ್ಮನ್ನು ಕೆಲಸ ಇರುವವರ ಸಾಲಿಗೆ ಸೇರಿಸುತ್ತಾರೆ.

ಲಾಕ್‌ಡೌನ್ 2020ರ ಮಾರ್ಚ್ 25ರಂದು ಶುರುವಾಯಿತು. ಜುಲೈನಿಂದ ಜೂನ್‌ವರೆಗಿನ ಸರ್ವೆ ವರ್ಷದಲ್ಲಿ ಅದು ಮುಟ್ಟಿದ್ದು ಕೊನೆಯ ಮೂರು ತಿಂಗಳನ್ನು ಮಾತ್ರ. ಜೂನ್‌ನಲ್ಲಿ ಪ್ರಶ್ನೆ ಕೇಳಿಸಿಕೊಂಡ ಮಾಣಿಯೊಬ್ಬ ಮೂರು ತಿಂಗಳಿಂದ ಮನೆಯಲ್ಲಿ ಕೂತಿರಬಹುದು. ಆದರೆ ಅದಕ್ಕೂ ಮುಂಚಿನ ಒಂಬತ್ತು ತಿಂಗಳು ಅವನು ಹೋಟೆಲಿನಲ್ಲಿ ದುಡಿದಿದ್ದ. 365 ದಿನದ ಪ್ರಶ್ನೆಗೆ ಅವನು ಕೆಲಸ ಇರುವವನು. ಏಳು ದಿನದ ಪ್ರಶ್ನೆಗೆ ನಿರುದ್ಯೋಗಿ. ಶೇ 21 ಬಂದದ್ದು ಏಳು ದಿನದ ಪ್ರಶ್ನೆಯಿಂದ, ಅದೂ ನಗರಗಳಿಂದ. ಶೇ 4.8 ಬಂದದ್ದು ವರ್ಷದ ಪ್ರಶ್ನೆಯಿಂದ, ಹಳ್ಳಿ–ಪಟ್ಟಣ ಎರಡೂ ಸೇರಿ.

ಇಷ್ಟಕ್ಕೆ ಒಗಟು ಅರ್ಧ ಬಿಡಿಸಿದಂತಾಯಿತು. ಸಂಖ್ಯೆ ಯಾಕೆ ಏರಲಿಲ್ಲ ಎಂಬುದು ಗೊತ್ತಾಯಿತು. ಆದರೆ ಇಳಿದದ್ದು ಯಾಕೆ?

ಇದಕ್ಕೆ ಅದೇ ಸರ್ವೆಯ ಬೇರೆ ಪುಟಗಳನ್ನು ನೋಡಬೇಕು. 2018–19ರಲ್ಲಿ ದೇಶದ ದುಡಿಯುವವರಲ್ಲಿ ಶೇ 42.5 ಮಂದಿ ಕೃಷಿಯಲ್ಲಿದ್ದರು. 2019–20ರಲ್ಲಿ ಅದು ಶೇ 45.6 ಆಯಿತು. 2020–21ರಲ್ಲಿ ಶೇ 46.5. ದಶಕಗಳಿಂದ ಜನ ಹೊಲ ಬಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಿದ್ದರು. ಕೃಷಿಯ ಪಾಲು ಇಳಿಯುತ್ತಲೇ ಬಂದಿತ್ತು. ಅದು ಎರಡೇ ವರ್ಷದಲ್ಲಿ ತಿರುಗಿತು. ಸಂಬಳ ಪಡೆಯುವವರ ಪಾಲು ಶೇ 23.8ರಿಂದ 21.1ಕ್ಕೆ ಕುಸಿಯಿತು. ಮನೆಯ ಜಮೀನಿನಲ್ಲಿ, ಮನೆಯ ಅಂಗಡಿಯಲ್ಲಿ ಕೂಲಿಯಿಲ್ಲದೆ ಕೈಜೋಡಿಸುವವರ ಪಾಲು ಶೇ 13.3ರಿಂದ 17.3ಕ್ಕೆ ಏರಿತು.

ಈಗ ಚಿತ್ರ ಬೇರೆಯಾಯಿತು, ಅಲ್ವಾ? ನಮ್ಮ ದೇಶದಲ್ಲಿ ನಿರುದ್ಯೋಗ ಭತ್ಯೆ ಎಂಬುದು ಹೆಚ್ಚಿನವರಿಗೆ ಇಲ್ಲ. ಕೆಲಸ ಹೋದ ಮೇಲೆ ಸುಮ್ಮನೆ ಕೂತು ಇನ್ನೊಂದು ಹುಡುಕಲು ಕೈಯಲ್ಲಿ ಕಾಸಿರಬೇಕು. ಅದಿಲ್ಲದವರು ಊರಿಗೆ ಹೋಗಿ ಅಣ್ಣನ ಹೊಲದಲ್ಲಿ ಕಳೆ ಕೀಳುತ್ತಾರೆ. ಮೂವರು ಮಾಡುತ್ತಿದ್ದ ಕೆಲಸವನ್ನು ಐವರು ಹಂಚಿಕೊಳ್ಳುತ್ತಾರೆ. ಬೆಳೆ ಜಾಸ್ತಿಯಾಗುವುದಿಲ್ಲ, ಉಣ್ಣುವ ಬಾಯಿ ಮಾತ್ರ ಹೆಚ್ಚುತ್ತದೆ. ಆದರೆ ಸರ್ವೆಯ ಪುಸ್ತಕದಲ್ಲಿ ಐವರಿಗೂ "ಕೆಲಸ ಇದೆ". ಇನ್ನೂ ಒಂದು ಮಾತಿದೆ. ಕೆಲಸ ಹುಡುಕುತ್ತಿರುವವರು, ಸಿಕ್ಕರೆ ಮಾಡಲು ತಯಾರಿರುವವರು ಮಾತ್ರ ನಿರುದ್ಯೋಗಿಗಳು. ಸಿಗುವುದಿಲ್ಲ ಬಿಡು ಎಂದು ಕೈಚೆಲ್ಲಿದವರನ್ನು ಆ ಲೆಕ್ಕದಿಂದಲೇ ತೆಗೆದುಬಿಡುತ್ತಾರೆ.

ಹಾಗಾಗಿ ನಮ್ಮಂಥ ದೇಶದಲ್ಲಿ ನಿರುದ್ಯೋಗದ ಅಂಕಿಯನ್ನು ಹಿಡಿದು ಸಾಂಕ್ರಾಮಿಕದ ಪೆಟ್ಟನ್ನು ಅಳೆಯಲು ಹೊರಟರೆ ದಾರಿ ತಪ್ಪುತ್ತೇವೆ. ಕೇಳಬೇಕಾದ ಪ್ರಶ್ನೆ ಕೆಲಸ ಇದೆಯೋ ಇಲ್ಲವೋ ಎಂಬುದಲ್ಲ. ಯಾವ ಕೆಲಸ ಹೋಗಿ ಯಾವ ಕೆಲಸ ಬಂತು, ಅದರಿಂದ ಕೈಗೆ ಎಷ್ಟು ಬಂತು ಎಂಬುದು.

ಅದೇ ಜನರನ್ನು ಮತ್ತೆ ಮತ್ತೆ ಕೇಳುವುದು

ಈ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಪ್ರತಿ ಸಲ ಹೊಸ ಜನರನ್ನು ಕೇಳಿದರೆ ಸಾಲದು. ಅದೇ ಜನರ ಬಳಿಗೆ ವಾಪಸ್ ಹೋಗಬೇಕು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಸಂಶೋಧಕರು 2021ರ ಮೇ ತಿಂಗಳಲ್ಲಿ ಹೊರತಂದ ವರದಿ ಮಾಡಿದ್ದು ಇದನ್ನೇ. ಅವರು ಬಳಸಿದ್ದು ಸಿಎಂಐಇ ಎಂಬ ಖಾಸಗಿ ಸಂಸ್ಥೆಯ ಸರ್ವೆ. ಅದು ಲಕ್ಷಕ್ಕೂ ಹೆಚ್ಚು ಮನೆಗಳನ್ನು ನಾಲ್ಕು ತಿಂಗಳಿಗೊಮ್ಮೆ ಮಾತನಾಡಿಸುತ್ತದೆ. ಸಾಂಕ್ರಾಮಿಕಕ್ಕೆ ಮುಂಚೆ ಮಾತನಾಡಿಸಿದ ಮನೆಯನ್ನೇ ಆಮೇಲೂ ಮಾತನಾಡಿಸಿತ್ತು. ಆ ಕಾಲದಲ್ಲಿ ಬಹುತೇಕ ಫೋನಿನಲ್ಲಿ.

ಸಿಕ್ಕಿದ್ದೇನು? 2020ರ ಏಪ್ರಿಲ್–ಮೇ ತಿಂಗಳಲ್ಲಿ ಸುಮಾರು 10 ಕೋಟಿ ಜನ ಕೆಲಸ ಕಳೆದುಕೊಂಡರು. ಜೂನ್ ಹೊತ್ತಿಗೆ ಹೆಚ್ಚಿನವರು ವಾಪಸ್ ಬಂದರು. ವರ್ಷದ ಕೊನೆಗೂ ಸುಮಾರು ಒಂದೂವರೆ ಕೋಟಿ ಜನ ಹೊರಗೇ ಇದ್ದರು. ಇಷ್ಟನ್ನೇ ಓದಿದರೆ "ಪರವಾಗಿಲ್ಲ, ಬೇಗ ಸುಧಾರಿಸಿತು" ಅನ್ನಿಸುತ್ತದೆ.

ಗಂಡಸರು, ಹೆಂಗಸರು ಎಂದು ಬಿಡಿಸಿ ನೋಡಿದಾಗ ಹಾಗನ್ನಿಸುವುದಿಲ್ಲ. ದುಡಿಯುತ್ತಿದ್ದ ಗಂಡಸರಲ್ಲಿ ಶೇ 61 ಮಂದಿಯ ಕೆಲಸ ಉಳಿಯಿತು. ಶೇ 7 ಮಂದಿ ಕೆಲಸ ಕಳೆದುಕೊಂಡು ವರ್ಷದ ಕೊನೆಯವರೆಗೂ ಹಿಂತಿರುಗಲಿಲ್ಲ. ಹೆಂಗಸರಲ್ಲಿ ಕೆಲಸ ಉಳಿದದ್ದು ಶೇ 19 ಮಂದಿಗೆ ಮಾತ್ರ. ಹಿಂತಿರುಗದವರು ಶೇ 47. ಇಡೀ ವರದಿಯಲ್ಲಿ ನಾನು ಎರಡು ಸಲ ಓದಿದ ಸಾಲು ಇದು. ಸರಾಸರಿ ತೆಗೆದಾಗ ಇದು ಕಾಣುವುದೇ ಇಲ್ಲ. ಯಾಕೆಂದರೆ ನಮ್ಮಲ್ಲಿ ಸಂಬಳ–ಕೂಲಿಗೆ ದುಡಿಯುವ ಹೆಂಗಸರ ಸಂಖ್ಯೆಯೇ ಕಡಿಮೆ.

ವಾಪಸ್ ಬಂದವರೂ ಅದೇ ಜಾಗಕ್ಕೆ ಬರಲಿಲ್ಲ. 2019ರ ಕೊನೆಯಲ್ಲಿ ಪಿಎಫ್, ರಜೆ ಎಲ್ಲ ಇರುವ ಭದ್ರವಾದ ಸಂಬಳದ ಕೆಲಸದಲ್ಲಿದ್ದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ, 2020ರ ಕೊನೆಗೆ ಸ್ವಂತದ ಸಣ್ಣ ವ್ಯಾಪಾರ, ದಿನಗೂಲಿ ಅಥವಾ ಭದ್ರತೆಯಿಲ್ಲದ ಸಂಬಳದ ಕೆಲಸಕ್ಕೆ ಇಳಿದಿದ್ದರು. ತಲಾ ತಿಂಗಳ ವರಮಾನ 2020ರ ಜನವರಿಯಲ್ಲಿ 5,989 ರೂಪಾಯಿ ಇದ್ದದ್ದು ಅಕ್ಟೋಬರ್‌ನಲ್ಲಿ 4,979ಕ್ಕೆ ಬಂದಿತ್ತು. ಕೆಲಸ ವಾಪಸ್ ಬಂತು, ವರಮಾನ ಬರಲಿಲ್ಲ.

ಇಲ್ಲಿ ಚುರುಕು ಓದುಗರು ಒಂದು ಕೊಕ್ಕೆ ಹಾಕಬಹುದು. ಈ ವರದಿ ಹೆಂಗಸರು ಕೆಲಸ ಕಳೆದುಕೊಂಡರು ಎನ್ನುತ್ತದೆ. ಆದರೆ ಸರ್ಕಾರದ ಪಿಎಲ್‌ಎಫ್‌ಎಸ್ ಪ್ರಕಾರ ಅದೇ ಕಾಲದಲ್ಲಿ ದುಡಿಮೆಯಲ್ಲಿ ಹೆಂಗಸರ ಪಾಲ್ಗೊಳ್ಳುವಿಕೆ ಏರಿದೆ. 15 ವರ್ಷ ದಾಟಿದ ಹೆಂಗಸರಲ್ಲಿ 2018–19ರಲ್ಲಿ ಶೇ 24.5, ಮರುವರ್ಷ ಶೇ 30, ಅದರ ಮರುವರ್ಷ ಶೇ 32.5. ಯಾರನ್ನು ನಂಬುವುದು?

ಇಬ್ಬರನ್ನೂ, ಸ್ವಲ್ಪ ಎಚ್ಚರದಿಂದ. ಪಿಎಲ್‌ಎಫ್‌ಎಸ್‌ನವರು ಕೆದಕಿ ಕೇಳುತ್ತಾರೆ. ಎಮ್ಮೆ ಕರೆದು ಹಾಲು ಡೇರಿಗೆ ಹಾಕುತ್ತೀರಾ, ಅಂಗಡಿಯಲ್ಲಿ ಕೂರುತ್ತೀರಾ, ಹೊಲಕ್ಕೆ ಹೋಗುತ್ತೀರಾ ಎಂದು. ಹಾಗೆ ಕೇಳಿದಾಗ ಮನೆಯ ಕಸುಬಿಗೆ ಕೈಜೋಡಿಸುವ ಹೆಂಗಸರೂ ಲೆಕ್ಕಕ್ಕೆ ಬರುತ್ತಾರೆ. ಸಿಎಂಐಇ ಕೇಳುವುದು ಹೆಚ್ಚುಕಮ್ಮಿ ಅವತ್ತಿನ ಸ್ಥಿತಿಯನ್ನು. ಅದರಲ್ಲಿ ಇಂಥ ದುಡಿಮೆ ಬಿಟ್ಟುಹೋಗುತ್ತದೆ. ಎರಡನ್ನೂ ಜೋಡಿಸಿದರೆ ಒಂದು ಕಥೆ ಸಿಗುತ್ತದೆ. ಪೇಟೆಯಲ್ಲಿ ಕೈಗೆ ದುಡ್ಡು ಬರುತ್ತಿದ್ದ ಕೆಲಸ ಹೋಯಿತು. ಹಳ್ಳಿಯಲ್ಲಿ ಕೂಲಿಯಿಲ್ಲದ ಕೆಲಸ ಹೆಚ್ಚಿತು. ಇದು ನನಗೆ ಒಪ್ಪುವ ವಿವರಣೆ. ಎಲ್ಲರಿಗೂ ಒಪ್ಪಿಗೆಯಿಲ್ಲ. 2023–24ಕ್ಕೆ ಹೆಂಗಸರ ಪಾಲ್ಗೊಳ್ಳುವಿಕೆ ಶೇ 41.7ಕ್ಕೆ ಏರಿದೆ. ಇಷ್ಟು ವರ್ಷದ ಮೇಲೂ ಏರುತ್ತಿದೆ ಎಂದರೆ ಅದು ಬರೀ ಕಷ್ಟಕಾಲದ ದುಡಿಮೆ ಆಗಿರಲಾರದು ಎಂದು ವಾದಿಸುವವರಿದ್ದಾರೆ. ಮನೆಗೆ ಗ್ಯಾಸ್, ನಲ್ಲಿ ನೀರು ಬಂದು ಸಮಯ ಉಳಿದದ್ದೂ ಕಾರಣ ಎನ್ನುತ್ತಾರೆ. ಆದರೆ ಕೃಷಿಯ ಪಾಲು ಅದೇ 2023–24ರಲ್ಲೂ ಶೇ 46.1ರಲ್ಲೇ ನಿಂತಿದೆ. ಊರಿಗೆ ಮರಳಿದ್ದು ತಾತ್ಕಾಲಿಕ ಎಂದುಕೊಂಡವರಿಗೆ ಇದು ಇನ್ನೂ ಜೀರ್ಣವಾಗದ ಅಂಕಿ.

ಸಿಎಂಐಇ ಮೇಲೂ ದೂರು ಇಲ್ಲದೆ ಇಲ್ಲ. ಅರ್ಥಶಾಸ್ತ್ರಜ್ಞ ಜಾನ್ ಡ್ರೇಜ್ ಮತ್ತು ಅನ್ಮೋಲ್ ಸೋಮಂಚಿ 2021ರಲ್ಲಿ ಒಂದು ಆಕ್ಷೇಪ ಎತ್ತಿದರು. ಈ ಸರ್ವೆಯಲ್ಲಿ ತೀರಾ ಬಡ ಮನೆಗಳು ಇರಬೇಕಾದಷ್ಟು ಇಲ್ಲ ಎಂದು. ಸಂಸ್ಥೆ ಅದನ್ನು ಒಪ್ಪಲಿಲ್ಲ. ಡ್ರೇಜ್ ಹೇಳಿದ್ದು ನಿಜವಾದರೆ, ಮೇಲೆ ಹೇಳಿದ ಪೆಟ್ಟು ನಿಜದಲ್ಲಿ ಇನ್ನೂ ಜಾಸ್ತಿ ಇರಬಹುದು. ಫೋನಿನ ಸರ್ವೆಯ ತೊಡಕೂ ಇದೇ. ಕರೆನ್ಸಿ ಹಾಕಿಸಲು ಕಾಸಿಲ್ಲದವನ ಫೋನ್ ಸ್ವಿಚ್ ಆಫ್ ಆಗಿರುತ್ತದೆ.

ಊರಿಗೆ ಮರಳಿದವರ ಗುರುತು ಇನ್ನೊಂದು ಕಡೆಯೂ ಸಿಗುತ್ತದೆ. ಉದ್ಯೋಗ ಖಾತ್ರಿಯ ಲೆಕ್ಕದಲ್ಲಿ. 2019–20ರಲ್ಲಿ ದೇಶದಲ್ಲಿ ಸುಮಾರು 5.5 ಕೋಟಿ ಕುಟುಂಬಗಳು ನರೇಗಾ ಕೆಲಸ ಮಾಡಿದ್ದವು. 2020–21ರಲ್ಲಿ 7.5 ಕೋಟಿ ದಾಟಿತು. ಮಾನವ ದಿನಗಳು, ಅಂದರೆ ಎಲ್ಲರೂ ಸೇರಿ ದುಡಿದ ದಿನಗಳು, 265 ಕೋಟಿಯಿಂದ 389 ಕೋಟಿಗೆ ಹೋದವು. ಇದು ಯಾರನ್ನೂ ಪ್ರಶ್ನೆ ಕೇಳದೆ ಸಿಗುವ ಅಂಕಿ, ಹಾಜರಿ ಪಟ್ಟಿಯಿಂದ ಬಂದದ್ದು. ಆದರೆ ಇಲ್ಲೂ ಕಾಣದವರಿದ್ದಾರೆ. ಅದೇ ವಿಶ್ವವಿದ್ಯಾಲಯ ಬೇರೆ ಸಂಘಟನೆಗಳ ಜೊತೆ ಸೇರಿ ಕರ್ನಾಟಕವೂ ಇದ್ದ ನಾಲ್ಕು ರಾಜ್ಯಗಳ ಎರಡು ಸಾವಿರ ಕುಟುಂಬಗಳನ್ನು ಕೇಳಿತು. ಜಾಬ್ ಕಾರ್ಡ್ ಇದ್ದು ಆ ವರ್ಷ ಕೆಲಸ ಬೇಕೆಂದಿದ್ದವರಲ್ಲಿ ಶೇ 39 ಕುಟುಂಬಗಳಿಗೆ ಒಂದು ದಿನದ ಕೆಲಸವೂ ಸಿಕ್ಕಿರಲಿಲ್ಲ. ಇನ್ನು ದಾರಿಯಲ್ಲೇ ಸತ್ತ ವಲಸೆ ಕಾರ್ಮಿಕರ ಲೆಕ್ಕ? ಅಂಥ ಮಾಹಿತಿ ಇಟ್ಟಿಲ್ಲ ಎಂದು ಕೇಂದ್ರ ಸರ್ಕಾರವೇ 2020ರ ಸೆಪ್ಟೆಂಬರ್‌ನಲ್ಲಿ ಲೋಕಸಭೆಗೆ ತಿಳಿಸಿತು.

ಶೇ 24 ಕುಸಿತ, ಶೇ 20 ಏರಿಕೆ

ಜಿಡಿಪಿ ಬಗ್ಗೆ ಬೇಗ ಮುಗಿಸುತ್ತೇನೆ. 2020ರ ಏಪ್ರಿಲ್–ಜೂನ್‌ನಲ್ಲಿ ಜಿಡಿಪಿ ಶೇ 23.9 ಕುಸಿಯಿತು ಎಂದು ಮೊದಲು ಪ್ರಕಟವಾಯಿತು. ಆಮೇಲೆ ಅದನ್ನು ಶೇ 24.4 ಎಂದು ತಿದ್ದಿದರು. ಮರುವರ್ಷ ಅದೇ ಮೂರು ತಿಂಗಳಲ್ಲಿ ಶೇ 20.1 ಬೆಳವಣಿಗೆ ಎಂಬ ಸುದ್ದಿ ಬಂತು. ಟಿವಿಗಳಲ್ಲಿ ಹಬ್ಬವೇ ಆಯಿತು. ನೂರು ರೂಪಾಯಿಯಿಂದ ಲೆಕ್ಕ ಹಾಕಿ ನೋಡಿ. ಶೇ 24.4 ಹೋದರೆ 75 ರೂಪಾಯಿ 60 ಪೈಸೆ ಉಳಿಯಿತು. ಅದರ ಮೇಲೆ ಶೇ 20.1 ಸೇರಿಸಿದರೆ ಹತ್ತಿರ ಹತ್ತಿರ 91 ರೂಪಾಯಿ. ಎರಡು ವರ್ಷದ ಹಿಂದಿದ್ದ ಜಾಗಕ್ಕೆ ಇನ್ನೂ 9 ರೂಪಾಯಿ ಕಮ್ಮಿ.

ಇಡೀ 2020–21ರ ಕುಸಿತವನ್ನು ವರ್ಷ ಮುಗಿದ ಮೇಲೆ ಮೊದಲು ಶೇ 7.3 ಎಂದರು, ಆಮೇಲೆ 6.6, ಆಮೇಲೆ 5.8. ಪ್ರತಿ ತಿದ್ದುಪಡಿಯಲ್ಲೂ ಪೆಟ್ಟು ಸಣ್ಣದಾಗುತ್ತಾ ಹೋಯಿತು. ತಿದ್ದುವುದು ತಪ್ಪಲ್ಲ, ಲೆಕ್ಕ ತಡವಾಗಿ ಬರುತ್ತದೆ. ಆದರೆ ಒಂದು ತೊಂದರೆ ತಿದ್ದುಪಡಿಯಿಂದಲೂ ಹೋಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡುವುದು ದೊಡ್ಡ ಕಂಪನಿಗಳು. ತಳ್ಳುಗಾಡಿಯವನು, ಟೈಲರ್, ಊರಿನ ಮರಗೆಲಸದವನು ಕೊಡುವುದಿಲ್ಲ. ಅವರ ದುಡಿಮೆಯನ್ನು ಬಹುಮಟ್ಟಿಗೆ ದೊಡ್ಡವರ ಚಲನೆ ನೋಡಿ ಅಂದಾಜು ಮಾಡುತ್ತಾರೆ. ಮಾಮೂಲಿ ವರ್ಷದಲ್ಲಿ ಇದು ನಡೆಯುತ್ತದೆ. ಸಾಂಕ್ರಾಮಿಕದಲ್ಲಿ ಆದದ್ದು ಬೇರೆ. ಬೀದಿಯ ಅಂಗಡಿ ಮುಚ್ಚಿ ಅದರ ಗಿರಾಕಿ ಆನ್‌ಲೈನ್ ಕಂಪನಿಗೆ ಹೋದ. ದೊಡ್ಡವರು ಬೆಳೆದದ್ದೇ ಸಣ್ಣವರನ್ನು ನುಂಗಿ ಎಂದಾದಾಗ, ದೊಡ್ಡವರ ಬೆಳವಣಿಗೆಯಿಂದ ಸಣ್ಣವರ ಬೆಳವಣಿಗೆಯನ್ನು ಊಹಿಸಿದರೆ ಏನಾಗುತ್ತದೆ ಹೇಳಿ.

ಬಡವರಾದವರು ಎಷ್ಟು ಮಂದಿ?

ಕೊರೊನಾದಿಂದ ಭಾರತದಲ್ಲಿ ಎಷ್ಟು ಜನ ಹೊಸದಾಗಿ ಬಡತನಕ್ಕೆ ಬಿದ್ದರು? ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ವರದಿ 23 ಕೋಟಿ ಎಂದಿತು. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 7.5 ಕೋಟಿ ಎಂದಿತು. ವಿಶ್ವಬ್ಯಾಂಕ್ 5.6 ಕೋಟಿ ಎಂದಿತು. ಸುರ್ಜಿತ್ ಭಲ್ಲಾ, ಕರಣ್ ಭಾಸಿನ್, ಅರವಿಂದ ವಿರ್ಮಾನಿ ಎಂಬ ಮೂವರು ಅರ್ಥಶಾಸ್ತ್ರಜ್ಞರು ಐಎಂಎಫ್ ಪ್ರಕಟಿಸಿದ ಪ್ರಬಂಧದಲ್ಲಿ, ಕಡುಬಡತನ ಶೇ 0.8ರಷ್ಟಿತ್ತು, 2020ರಲ್ಲೂ ಏರಲೇ ಇಲ್ಲ ಎಂದರು.

ವಾಟ್ಸ್ಆ್ಯಪ್‌ನಲ್ಲಿ ತಮಗೆ ಬೇಕಾದದ್ದನ್ನು ಹಂಚಿಕೊಳ್ಳಲು ಎಲ್ಲ ಪಕ್ಷದವರಿಗೂ ಒಂದೊಂದು ಸಿಕ್ಕಿತು. ಆದರೆ ಇವು ಒಂದೇ ವಸ್ತುವಿನ ನಾಲ್ಕು ಅಳತೆಗಳಲ್ಲ. 23 ಕೋಟಿಯ ಲೆಕ್ಕದಲ್ಲಿ ಬಡತನದ ಗೆರೆ ಎಳೆದದ್ದು ದಿನಕ್ಕೆ 375 ರೂಪಾಯಿ ಕನಿಷ್ಠ ಕೂಲಿಯ ಆಧಾರದ ಮೇಲೆ. ಆ ಕೂಲಿ ಸರ್ಕಾರವೇ ನೇಮಿಸಿದ ಅನೂಪ್ ಸತ್ಪತಿ ಸಮಿತಿಯ ಶಿಫಾರಸು. ಗೆರೆ ಎತ್ತರದಲ್ಲಿರುವುದರಿಂದ ಅದರ ಸ್ವಲ್ಪ ಮೇಲಿದ್ದ ಕೋಟ್ಯಂತರ ಜನ ಕೆಳಕ್ಕೆ ಜಾರಿದರು. ವಿಶ್ವಬ್ಯಾಂಕಿನ ಗೆರೆ ಆಗ ದಿನಕ್ಕೆ 2.15 ಡಾಲರ್ ಇತ್ತು, ಅದನ್ನೂ ದೇಶಗಳ ನಡುವಿನ ಬೆಲೆಗಳ ವ್ಯತ್ಯಾಸಕ್ಕೆ ಸರಿಹೊಂದಿಸಿದ್ದು. ಅದು ಬಹಳ ಕೆಳಗಿತ್ತು. ಪ್ಯೂ ಸಂಸ್ಥೆ ಯಾವ ಮನೆಗೂ ಹೋಗಿ ಕೇಳಲಿಲ್ಲ. ಹಳೆಯ ಆದಾಯ ಹಂಚಿಕೆಯನ್ನು ಇಟ್ಟುಕೊಂಡು, ಆರ್ಥಿಕತೆ ಇಷ್ಟು ಕುಗ್ಗಬಹುದು ಎಂಬ ಮುನ್ಸೂಚನೆಯಿಂದ ಗುಣಾಕಾರ ಮಾಡಿತು.

ನಾಲ್ಕನೆಯವರು ಹಿಡಿದ ಎಳೆ ಪಡಿತರ ಅಕ್ಕಿ. 2020ರ ಏಪ್ರಿಲ್‌ನಿಂದ ಸುಮಾರು 80 ಕೋಟಿ ಜನರಿಗೆ ತಲಾ 5 ಕೆಜಿ ಹೆಚ್ಚುವರಿ ಧಾನ್ಯ ಪುಕ್ಕಟೆ ಸಿಕ್ಕಿತು. ಅದರ ಬೆಲೆಯನ್ನೂ ಸೇರಿಸಿದರೆ ತೀರಾ ಕೆಳಗಿನ ಗೆರೆಯಿಂದ ಯಾರೂ ಕೆಳಗೆ ಬೀಳಲಿಲ್ಲ ಎಂಬುದು ಅವರ ವಾದ. ಅವರ ಲೆಕ್ಕದ ವಿಧಾನದ ಮೇಲೆ ತಕರಾರುಗಳಿವೆ. ಹೊಸ ಖರ್ಚಿನ ಸರ್ವೆ ಇಲ್ಲದೆ, ದೇಶದ ಒಟ್ಟು ಖರ್ಚಿನ ಬೆಳವಣಿಗೆಯನ್ನು ಎಲ್ಲರಿಗೂ ಹಚ್ಚಿದ್ದಾರೆ. ಆದರೂ ಪಡಿತರದ ಮಾತು ಸುಳ್ಳಲ್ಲ. ಆ ಅಕ್ಕಿ ಎಷ್ಟೋ ಮನೆಗಳ ಒಲೆ ಉರಿಸಿತು. ಹೊಟ್ಟೆಗೆ ಅನ್ನವಿತ್ತು, ಮನೆ ಬಾಡಿಗೆಗೆ, ಸಂಘದ ಸಾಲದ ಕಂತಿಗೆ ದುಡ್ಡಿರಲಿಲ್ಲ. ಖರ್ಚಿನಿಂದ ಅಳೆದರೆ ಮೊದಲನೆಯದು ಕಾಣುತ್ತದೆ. ವರಮಾನದಿಂದ ಅಳೆದರೆ ಎರಡನೆಯದು.

ರೋಗ ಮಾಡಿದ್ದೆಷ್ಟು, ಲಾಕ್‌ಡೌನ್ ಮಾಡಿದ್ದೆಷ್ಟು?

ಈ ಕ್ಷೇತ್ರದ ಅತಿ ಕಷ್ಟದ ಪ್ರಶ್ನೆ ಇದು. ಲಾಕ್‌ಡೌನ್ ಇಲ್ಲದಿದ್ದರೂ ಜನ ಹೆದರಿ ಮನೆಯಲ್ಲೇ ಇರುತ್ತಿದ್ದರಾ? ಹಾಗಿದ್ದರೆ ವ್ಯಾಪಾರ ಹೇಗೂ ಬೀಳುತ್ತಿತ್ತು. ಉತ್ತರ ಬೇಕೆಂದರೆ ರೋಗ ಇದ್ದು ಲಾಕ್‌ಡೌನ್ ಇಲ್ಲದ ಊರೊಂದು ಬೇಕು.

ಯುರೋಪಿನಲ್ಲಿ ಅದು ಸಿಕ್ಕಿತು. ಡೆನ್ಮಾರ್ಕ್ 2020ರ ಮಾರ್ಚ್‌ನಲ್ಲಿ ಬಾಗಿಲು ಮುಚ್ಚಿತು. ಪಕ್ಕದ ಸ್ವೀಡನ್ ಬಹುಮಟ್ಟಿಗೆ ತೆರೆದೇ ಇತ್ತು. ಒಂದೇ ಬ್ಯಾಂಕಿನ ಗ್ರಾಹಕರ ಖರ್ಚನ್ನು ಸಂಶೋಧಕರು ಎರಡೂ ದೇಶದಲ್ಲಿ ಹೋಲಿಸಿದರು. ಡೆನ್ಮಾರ್ಕಿನಲ್ಲಿ ಖರ್ಚು ಶೇ 29 ಇಳಿದಿತ್ತು. ಸ್ವೀಡನ್ನಿನಲ್ಲಿ ಶೇ 25. ಅಂದರೆ ಹೆಚ್ಚಿನ ಪಾಲು ಭಯದ್ದು. ಅಮೆರಿಕದಲ್ಲಿ ಆಸ್ಟನ್ ಗೂಲ್ಸ್‌ಬಿ ಮತ್ತು ಚಾಡ್ ಸಿವರ್ಸನ್ ಮೊಬೈಲ್ ಫೋನ್‌ಗಳ ಓಡಾಟ ನೋಡಿದರು. ನಿರ್ಬಂಧ ಇದ್ದ ಊರು, ಇಲ್ಲದ ಪಕ್ಕದ ಊರು ಎರಡನ್ನೂ ತೂಗಿದರು. ಅಂಗಡಿಗಳಿಗೆ ಹೋಗುವವರು ಶೇ 60ರಷ್ಟು ಕಡಿಮೆಯಾಗಿದ್ದರು. ಆ 60ರಲ್ಲಿ ನಿರ್ಬಂಧದ ಪಾಲು 7 ಅಂಶ ಮಾತ್ರ.

ಈ ಅಧ್ಯಯನಗಳನ್ನು ತೋರಿಸಿ "ನೋಡಿ, ಲಾಕ್‌ಡೌನಿನಿಂದ ಅಷ್ಟೇನೂ ನಷ್ಟವಿಲ್ಲ" ಎಂದು ನಮ್ಮಲ್ಲೂ ಕೆಲವರು ಬರೆದರು. ಅದು ಅವಸರದ ಮಾತು. ಡೆನ್ಮಾರ್ಕಿನ ಗುಮಾಸ್ತ ಮನೆಯಿಂದ ಕೆಲಸ ಮಾಡಿ ಸಂಬಳ ಪಡೆದ. ನಮ್ಮಲ್ಲಿ ಇಡೀ ದೇಶ ನಾಲ್ಕು ಗಂಟೆಯ ನೋಟಿಸಿನಲ್ಲಿ ಮುಚ್ಚಿದಾಗ ಪತ್ತೆಯಾಗಿದ್ದ ಪ್ರಕರಣಗಳು ಐನೂರರ ಆಸುಪಾಸು. ಎಷ್ಟೋ ಜಿಲ್ಲೆಗಳಲ್ಲಿ ರೋಗಿಯೇ ಇರಲಿಲ್ಲ. ಭಯದಿಂದ ಮನೆಯಲ್ಲಿ ಕೂರುವ ಸ್ವಾತಂತ್ರ್ಯ ದಿನಗೂಲಿಯವರಿಗೆ ಮೊದಲೇ ಇಲ್ಲ. ಒಂದು ದೇಶದ ಉತ್ತರವನ್ನು ಇನ್ನೊಂದಕ್ಕೆ ಹಾಗೇ ಎತ್ತಿಕೊಂಡು ಬರಲಾಗುವುದಿಲ್ಲ.

ನಮ್ಮಲ್ಲಿ ಹೋಲಿಸಲು ದಾರಿ ಸಿಕ್ಕಿದ್ದು ಮೇ ತಿಂಗಳಲ್ಲಿ. ಜಿಲ್ಲೆಗಳನ್ನು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಿದ್ದು ನೆನಪಿದೆಯಲ್ಲ? ಆ ಬಣ್ಣಗಳು ಸಂಶೋಧಕರಿಗೆ ವರವಾದವು. ಶರವಣ ರವೀಂದ್ರನ್ ಮತ್ತು ಮನೀಷಾ ಶಾ ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ಬಂದ ದೂರುಗಳನ್ನು ಜಿಲ್ಲಾವಾರು ನೋಡಿದರು. ಹಸಿರು ಜಿಲ್ಲೆಗಳಿಗೆ ಹೋಲಿಸಿದರೆ ಕೆಂಪು ಜಿಲ್ಲೆಗಳಲ್ಲಿ 2020ರ ಮೇ ತಿಂಗಳ ಕೌಟುಂಬಿಕ ಹಿಂಸೆಯ ದೂರುಗಳು ಶೇ 131 ಹೆಚ್ಚಾಗಿದ್ದವು. ಹೊರಗಿನ ಓಡಾಟ ನಿಂತದ್ದರಿಂದ ಲೈಂಗಿಕ ದೌರ್ಜನ್ಯದ ದೂರುಗಳು ಇಳಿದಿದ್ದವು. ಒಂದು ಎಚ್ಚರ ಬೇಕು. ದೂರು ಬೇರೆ, ಹಿಂಸೆ ಬೇರೆ. ಹೊಡೆಯುವವನು ಇಪ್ಪತ್ನಾಲ್ಕು ಗಂಟೆ ಪಕ್ಕದಲ್ಲೇ ಇರುವಾಗ ಫೋನ್ ಮಾಡಲಾಗದೆ ಉಳಿದವರು ಯಾವ ಬಣ್ಣದ ಜಿಲ್ಲೆಯ ಲೆಕ್ಕಕ್ಕೂ ಬರಲಿಲ್ಲ.

ಶಾಲೆ ಬಿಟ್ಟ ಒಂದೂವರೆ ವರ್ಷ

ಕರ್ನಾಟಕದಲ್ಲಿ 1ರಿಂದ 5ನೇ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ನಡುವೆ ವಿದ್ಯಾಗಮ ಎಂದು ಮರದ ಕೆಳಗೆ, ದೇವಸ್ಥಾನದ ಕಟ್ಟೆಯ ಮೇಲೆ ಪಾಠ ನಡೆಸಿದರು. ಸೋಂಕಿನ ಭಯದಿಂದ ಅದೂ ನಿಂತಿತು. ಮಕ್ಕಳಿಗೆ ಆದ ನಷ್ಟ ಎಷ್ಟು?

ಪರೀಕ್ಷೆಯ ಫಲಿತಾಂಶದಿಂದ ತಿಳಿಯುವಂತಿಲ್ಲ. 2021ರ ಎಸ್ಸೆಸ್ಸೆಲ್ಸಿಯನ್ನು ಎರಡೇ ದಿನದಲ್ಲಿ, ಬರೀ ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಮುಗಿಸಿದರು. ಫಲಿತಾಂಶ ಶೇ 99.99. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಲ್ಲಿ ಪಾಸಾಗದೆ ಉಳಿದದ್ದು ಒಬ್ಬರು, ಅದೂ ಬೇರೆಯವರಿಂದ ಪರೀಕ್ಷೆ ಬರೆಸಿದ್ದಕ್ಕೆ. ಆ ವರ್ಷದ ಮಕ್ಕಳ ಮೇಲೆ ಕರುಣೆ ತೋರಿದ್ದು ಸರಿಯೇ. ಆದರೆ ಸಂಶೋಧನೆಗೆ ಆ ಅಂಕಿ ಉಪಯೋಗಕ್ಕಿಲ್ಲ.

ಹಾಗಾಗಿ ಮಕ್ಕಳ ಹತ್ತಿರವೇ ಹೋಗಬೇಕಾಯಿತು. ಅಜೀಂ ಪ್ರೇಮ್‌ಜಿ ಫೌಂಡೇಶನ್ 2021ರ ಜನವರಿಯಲ್ಲಿ ಕರ್ನಾಟಕ ಸೇರಿ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ನೋಡಿತು. ಹೊಸದನ್ನು ಕಲಿತರಾ ಎಂದು ಕೇಳಲಿಲ್ಲ. ಹಿಂದಿನ ವರ್ಷ ಬರುತ್ತಿದ್ದದ್ದು ಈಗಲೂ ಬರುತ್ತದಾ ಎಂದು ನೋಡಿದರು. ಭಾಷೆಯಲ್ಲಿ ಶೇ 92 ಮಕ್ಕಳು ಹಿಂದೆ ಬರುತ್ತಿದ್ದ ಒಂದಾದರೂ ಕೌಶಲವನ್ನು ಮರೆತಿದ್ದರು. ಗಣಿತದಲ್ಲಿ ಶೇ 82. ನಾವು ಸಾಮಾನ್ಯವಾಗಿ ಒಂದು ವರ್ಷದ ಪಾಠ ಹೋಯಿತು ಎಂದಷ್ಟೇ ಲೆಕ್ಕ ಹಾಕುತ್ತೇವೆ. ಹಳೆಯದೂ ಹೋಗಿತ್ತು. ಹಳ್ಳಿಯ ಮಕ್ಕಳ ಓದು, ಲೆಕ್ಕವನ್ನು ಅಳೆಯುವ ಅಸರ್ ಸರ್ವೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲ ಮೂರನೇ ತರಗತಿಯ ಮಕ್ಕಳು 2018ರಲ್ಲಿ ಶೇ 27.3 ಇದ್ದರು. 2022ರಲ್ಲಿ ಶೇ 20.5.

ಇಲ್ಲಿ ನಿಲ್ಲಿಸಿದರೆ ಕಥೆ ಅರ್ಧವೇ. ತಮಿಳುನಾಡಿನ ಹಳ್ಳಿಗಳಲ್ಲಿ ಅಭಿಜಿತ್ ಸಿಂಗ್, ಮೌರಿಸಿಯೊ ರೊಮೆರೊ, ಕಾರ್ತಿಕ್ ಮುರಳೀಧರನ್ ಸುಮಾರು 19,000 ಮಕ್ಕಳನ್ನು ಪರೀಕ್ಷಿಸಿದರು. ಅವರಿಗೊಂದು ಅದೃಷ್ಟವಿತ್ತು. 2019ರಲ್ಲೇ ಅಲ್ಲಿ ಪರೀಕ್ಷೆ ಮಾಡಿಟ್ಟಿದ್ದರು. 2021ರ ಡಿಸೆಂಬರ್‌ನಲ್ಲಿ ದೊಡ್ಡ ಹಿನ್ನಡೆ ಕಂಡಿತು, ಭಾಷೆಗಿಂತ ಗಣಿತದಲ್ಲಿ ಎರಡು ಪಟ್ಟು. ಆದರೆ ಶಾಲೆ ತೆರೆದು ಆರು ತಿಂಗಳಾಗುವಷ್ಟರಲ್ಲಿ ಮೂರರಲ್ಲಿ ಎರಡು ಪಾಲು ಹಿನ್ನಡೆ ತುಂಬಿಹೋಗಿತ್ತು. ಅದರ ಕಾಲು ಭಾಗದಷ್ಟು ಶ್ರೇಯ ಊರಿನ ಸ್ವಯಂಸೇವಕರು ಸಂಜೆ ಹೊತ್ತು ನಡೆಸಿದ ಸರ್ಕಾರಿ ಕಾರ್ಯಕ್ರಮವೊಂದಕ್ಕೆ ಸೇರುತ್ತದೆ ಎಂದು ಅವರ ಲೆಕ್ಕ. ಇಡೀ ಸಾಂಕ್ರಾಮಿಕ ಸಂಶೋಧನೆಯಲ್ಲಿ ಇಷ್ಟು ಸಮಾಧಾನ ಕೊಡುವ ಫಲಿತಾಂಶ ಕಡಿಮೆ. ನಮ್ಮ ಸರ್ಕಾರವೂ 2022–23ರಲ್ಲಿ ಕಲಿಕಾ ಚೇತರಿಕೆ ಕಾರ್ಯಕ್ರಮ ತಂದಿತು. ಅದಕ್ಕೆ ಮುಂಚೆ ಮತ್ತು ಆಮೇಲೆ ಅದೇ ಮಕ್ಕಳನ್ನು ಹೀಗೆ ಅಳೆದಿಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ನೂರು ವರ್ಷದ ಹಿಂದಿನ ಜ್ವರ

ಸಾಂಕ್ರಾಮಿಕದ ಪೆಟ್ಟು ಎಷ್ಟು ವರ್ಷ ಉಳಿಯುತ್ತದೆ? ಇದಕ್ಕೆ ಹಳೆಯದನ್ನೇ ನೋಡಬೇಕು. 1918ರ ಇನ್‌ಫ್ಲುಯೆಂಜಾದಲ್ಲಿ ಭಾರತದಲ್ಲಿ ಸತ್ತವರು ಒಂದು ಅಂದಾಜಿನ ಪ್ರಕಾರ 1.4 ಕೋಟಿ, ಇನ್ನೊಂದರ ಪ್ರಕಾರ 1.7–1.8 ಕೋಟಿ. ಜಗತ್ತಿನ ಯಾವ ದೇಶದಲ್ಲೂ ಅಷ್ಟು ಸಾವು ಆಗಲಿಲ್ಲ. ಹೆಚ್ಚು ಸತ್ತವರಲ್ಲಿ ದುಡಿಯುವ ವಯಸ್ಸಿನವರು ಇದ್ದರು.

ಅಮೆರಿಕದ ಅರ್ಥಶಾಸ್ತ್ರಜ್ಞ ಥಿಯೊಡೋರ್ ಷುಲ್ಟ್ಸ್ 1964ರಲ್ಲಿ ಈ ದುರಂತವನ್ನು ಒಂದು ಪರೀಕ್ಷೆಯಾಗಿ ಬಳಸಿದರು. ಭಾರತದ ಹೊಲಗಳಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಜನ ಇದ್ದಾರೆ, ಕೆಲವರನ್ನು ತೆಗೆದರೂ ಬೆಳೆ ಕಡಿಮೆಯಾಗುವುದಿಲ್ಲ ಎಂಬ ನಂಬಿಕೆ ಆಗ ಚಾಲ್ತಿಯಲ್ಲಿತ್ತು. ಹಾಗಿದ್ದರೆ ಕೃಷಿಯ ಶೇ 8ರಷ್ಟು ದುಡಿಯುವ ಕೈಗಳು ಸತ್ತುಹೋದಾಗ ಬಿತ್ತನೆ ಇಳಿಯಬಾರದಿತ್ತು. ಆದರೆ 1916–17ಕ್ಕೆ ಹೋಲಿಸಿದರೆ 1919–20ರಲ್ಲಿ ಬಿತ್ತನೆ ಶೇ 3.8 ಇಳಿದಿತ್ತು. ಷುಲ್ಟ್ಸ್‌ಗೆ ಮುಂದೆ ನೊಬೆಲ್ ಬಂತು. ಅಮರ್ತ್ಯ ಸೇನ್ 1967ರಲ್ಲಿ ಆ ಪರೀಕ್ಷೆಯ ಲೆಕ್ಕವನ್ನೇ ಪ್ರಶ್ನಿಸಿದರು. ಸಾವು ಮನೆ ಮನೆಗೂ ಸಮನಾಗಿ ಹಂಚಿ ಬರುವುದಿಲ್ಲ ಎಂಬುದನ್ನು ಯೋಚಿಸಿದರೂ ಸಾಕು. ಒಂದು ಮನೆಯಲ್ಲಿ ಉಳುವವರೆಲ್ಲ ಹೋಗಿ, ಪಕ್ಕದ ಮನೆಯಲ್ಲಿ ಎಲ್ಲರೂ ಉಳಿದಿದ್ದರೆ ಸರಾಸರಿ ಏನು ಹೇಳೀತು?

ಇತ್ತೀಚೆಗೆ ಜೇಮ್ಸ್ ಫೆನ್ಸ್ಕೆ, ಬಿಷ್ಣುಪ್ರಿಯಾ ಗುಪ್ತಾ, ಸಾಂಗ್ ಯುವಾನ್ ಅದೇ ಜ್ವರವನ್ನು ಇನ್ನೊಂದು ಪ್ರಶ್ನೆಗೆ ಬಳಸಿದರು. ಜಾಸ್ತಿ ಸಾವು ಕಂಡ ಜಿಲ್ಲೆಗಳಲ್ಲಿ 1921ರ ಹೊತ್ತಿಗೆ ದುಡಿಯುವ ಹೆಂಗಸರು ಹೆಚ್ಚಾಗಿದ್ದರು. ಗಂಡನನ್ನು ಕಳೆದುಕೊಂಡವರು ಬೇರೆ ದಾರಿಯಿಲ್ಲದೆ ಕೆಲಸಕ್ಕೆ ಇಳಿದದ್ದು ಒಂದು ಕಾರಣವಿರಬಹುದು ಎನ್ನುತ್ತಾರೆ. ಆದರೆ ಆ ಏರಿಕೆ ಬಾಳಲಿಲ್ಲ. ಮುಂದಿನ ಜನಗಣತಿಯಲ್ಲಿ ಅದು ಕಾಣುವುದಿಲ್ಲ. ಪಿಎಲ್‌ಎಫ್‌ಎಸ್‌ನ ಈಗಿನ ಏರಿಕೆಯ ಜೊತೆ ಇದನ್ನು ಇಟ್ಟು ನೋಡುವ ಆಸೆ ಯಾರಿಗಾದರೂ ಆಗುತ್ತದೆ.

ಈ ಎರಡು ಅಧ್ಯಯನಗಳಲ್ಲಿ ಎರಡನೆಯದು ನಿಂತಿರುವುದೇ ಬ್ರಿಟಿಷರ ಕಾಲದ ಜನಗಣತಿಯ ಮೇಲೆ. ಜ್ವರ ಹೋದ ಎರಡೂವರೆ ವರ್ಷಕ್ಕೆ, 1921ರಲ್ಲಿ, ಜನಗಣತಿ ನಡೆದಿತ್ತು. ಪ್ರತಿ ಜಿಲ್ಲೆಯಲ್ಲಿ ಯಾವ ಕಸುಬಿನವರು ಎಷ್ಟು, ವಿಧವೆಯರು ಎಷ್ಟು ಎಂದು ಬರೆದಿಟ್ಟಿದ್ದರು. 1881ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದುಕೊಂಡು ಬಂದ ಆ ಗಣತಿ 2021ರಲ್ಲಿ ಮೊದಲ ಸಲ ತಪ್ಪಿತು. ಕೊರೊನಾ ಎಂದು ಮುಂದೂಡಿದ್ದು ಮುಂದಕ್ಕೆ ಹೋಗುತ್ತಲೇ ಇತ್ತು. ಈಗ ಹೊರಡಿಸಿರುವ ಅಧಿಸೂಚನೆಯ ಪ್ರಕಾರ, ಹಿಮ ಬೀಳುವ ಕೆಲವು ಪ್ರದೇಶ ಬಿಟ್ಟು, ಗಣತಿಯ ದಿನ 2027ರ ಮಾರ್ಚ್ 1. ಅಲ್ಲಿಯವರೆಗೆ ದೇಶದ ಜನಸಂಖ್ಯೆಯನ್ನು ಅಂದಾಜಿಸಲು ಪಿಎಲ್‌ಎಫ್‌ಎಸ್‌ನಂಥ ಸರ್ವೆಗಳಿಗೂ 2011ರ ಗಣತಿಯೇ ಗತಿ.